ಸೈನ್ಯದಲ್ಲಿ ಹೆಣ್ಣುಮಕ್ಕಳು: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜು ಮೈದಾನದಲ್ಲಿ, ಪತ್ರಗಳಲ್ಲಿ, ಫೋನಿನಲ್ಲಿ ತಿರುತಿರುಗಿ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇವೆ. ಸುಲಭದವು ಮೊದಲು, ತೊಡಕಿನವು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯೊಂದನ್ನೇ ಓದಿದರೂ ಸಾಕು.

### ಮೊದಲ ಹೆಜ್ಜೆ

"ನಮ್ಮ ಹುಡುಗಿ ಎಸ್‌ಎಸ್‌ಎಲ್‌ಸಿ ಮುಗಿಸ್ಯಾಳ್ರಿ. ಮಿಲ್ಟ್ರಿಗೆ ಹೆಣ್ಣಮಕ್ಕಳನ್ನೂ ತಗೋತಾರಂತ, ಖರೇ ಏನ್ರಿ?"

ಖರೆ. ಅಧಿಕಾರಿಗಳಾಗಿ 1992ರಿಂದಲೇ ತೆಗೆದುಕೊಳ್ಳುತ್ತಿದ್ದಾರೆ. ವೈದ್ಯೆಯರು, ನರ್ಸ್‌ಗಳು ಅದಕ್ಕೂ ಬಹಳ ಮೊದಲಿನಿಂದ ಇದ್ದಾರೆ. ಸಿಪಾಯಿ ದರ್ಜೆಯ ಬಾಗಿಲು ತೆರೆದದ್ದು ಮಾತ್ರ 2019ರಲ್ಲಿ, ಅದೂ ಮಿಲಿಟರಿ ಪೊಲೀಸ್ ದಳದಲ್ಲಿ. ಮೊದಲ ತಂಡದ 83 ಮಹಿಳೆಯರು ಬೆಂಗಳೂರಿನ ತರಬೇತಿ ಕೇಂದ್ರದಿಂದ 2021ರ ಮೇ 8ರಂದು ಹೊರಬಂದರು. ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೆ ಭೂಸೇನೆಯಲ್ಲಿ ಇರುವುದು ಇದೊಂದೇ ದಾರಿ. ಈಗ ಅದು ಅಗ್ನಿಪಥ ಎಂಬ ನಾಲ್ಕು ವರ್ಷದ ಭರ್ತಿ ಯೋಜನೆಯ ಕೆಳಗೆ ಬರುತ್ತದೆ, ಹುದ್ದೆಯ ಹೆಸರು ಅಗ್ನಿವೀರ್ ಜಿಡಿ (ಜನರಲ್ ಡ್ಯೂಟಿ), ಮಹಿಳಾ ಮಿಲಿಟರಿ ಪೊಲೀಸ್.

ಎಸ್‌ಎಸ್‌ಎಲ್‌ಸಿಯಲ್ಲಿ ಒಟ್ಟು ಶೇ. 45, ಪ್ರತಿ ವಿಷಯದಲ್ಲೂ ಶೇ. 33 ಇರಬೇಕು. ಎತ್ತರ 162 ಸೆಂ.ಮೀ. ಯೋಜನೆ ಶುರುವಾದಾಗ ಇಟ್ಟ ವಯಸ್ಸು ಹದಿನೇಳೂವರೆಯಿಂದ 21. ಆದರೆ ವರ್ಷದ ಲೆಕ್ಕ ಬಾಯಲ್ಲಿ ಹಾಕಬೇಡಿ. ಪ್ರತಿ ಅಧಿಸೂಚನೆಯಲ್ಲೂ "ಇಂಥ ತಾರೀಖಿನಿಂದ ಇಂಥ ತಾರೀಖಿನೊಳಗೆ ಹುಟ್ಟಿರಬೇಕು" ಎಂದು ಬರೆದಿರುತ್ತಾರೆ, ಒಂದು ದಿನ ಆಚೀಚೆ ಆದರೂ ಅರ್ಜಿ ಹೋಗುವುದಿಲ್ಲ. 2019ರ ಯೋಜನೆ ಪ್ರಕಾರ ವರ್ಷಕ್ಕೆ ನೂರರಂತೆ ಒಟ್ಟು 1700 ಮಹಿಳೆಯರನ್ನು ಸೇರಿಸಿಕೊಳ್ಳುವುದೆಂದಿತ್ತು. ಇಡೀ ದೇಶಕ್ಕೆ ನೂರು ಎಂದರೆ ಎಷ್ಟು ಬಿಗಿಯೆಂದು ನೀವೇ ಅಂದಾಜು ಮಾಡಿ. ಇದೊಂದನ್ನೇ ನಂಬಿ ಕೂತು ಪಿಯುಸಿ ಬಿಡಿಸಬೇಡಿ.

"ಬಿಎಸ್‌ಎಫ್, ಸಿಆರ್‌ಪಿಎಫ್ ಸೇರಿದ್ರೂ ಮಿಲ್ಟ್ರಿನೇ ಅಲ್ಲೇನ್ರಿ?"

ಊರಿನ ಮಾತಿನಲ್ಲಿ ಎಲ್ಲವೂ ಮಿಲ್ಟ್ರಿಯೇ. ಕಾಗದದ ಮೇಲೆ ಅಲ್ಲ. ಅವು ಗೃಹ ಇಲಾಖೆಯ ಅರೆಸೇನಾ ಪಡೆಗಳು, ಭರ್ತಿ ಮಾಡುವುದು ಸ್ಟಾಫ್ ಸೆಲೆಕ್ಷನ್ ಕಮಿಷನ್. ಹತ್ತನೇ ತರಗತಿ ಪಾಸಾಗಿರಬೇಕು, ವಯಸ್ಸು 18ರಿಂದ 23, ಮಹಿಳೆಯರ ಎತ್ತರ 157 ಸೆಂ.ಮೀ., 1.6 ಕಿ.ಮೀ. ಓಟಕ್ಕೆ ಎಂಟೂವರೆ ನಿಮಿಷ. ಮದುವೆಯಾದವರೂ ಹಾಕಬಹುದು, ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಹುದ್ದೆಗಳೂ ಎಷ್ಟೋ ಪಟ್ಟು ಹೆಚ್ಚು. ಅಗ್ನಿವೀರ್ ವಯಸ್ಸು ದಾಟಿದವರು, ಎತ್ತರ ಸಾಲದವರು ಇದನ್ನು ಕೀಳೆಂದು ತಳ್ಳಿಹಾಕುವುದು ದಡ್ಡತನ.

"ನನ್ನ ಎತ್ತರ 155 ಐತ್ರಿ. ಎಲ್ಲಾ ಬಾಗಿಲಾ ಮುಚ್ಚಿದ್ವೇನು?"

ಮಿಲಿಟರಿ ಪೊಲೀಸ್ ಬಾಗಿಲು ಮುಚ್ಚಿತು. ಅಧಿಕಾರಿ ಹುದ್ದೆಗೆ ಮಹಿಳೆಯರ ಎತ್ತರ 152 ಸೆಂ.ಮೀ. ಸಾಕು (ವಿಮಾನ ಹಾರಿಸುವ ಶಾಖೆಗೆ ಮಾತ್ರ ಹೆಚ್ಚು ಬೇಕು). ವಾಯುಪಡೆಯ ಅಗ್ನಿವೀರ್ ವಾಯು ಹುದ್ದೆಗೂ 152. ಅದಕ್ಕೆ ಪಿಯುಸಿಯಲ್ಲಿ ಒಟ್ಟು ಶೇ. 50, ಇಂಗ್ಲಿಷಿನಲ್ಲಿ ಪ್ರತ್ಯೇಕವಾಗಿ ಶೇ. 50 ಬೇಕು, ಸೈನ್ಸೇ ಆಗಬೇಕೆಂದಿಲ್ಲ, ಬೇರೆ ವಿಭಾಗದವರಿಗೂ ಅವಕಾಶವಿದೆ. ಅದರ ತರಬೇತಿ ನಡೆಯುವುದು ದೂರದೂರಿನಲ್ಲೇನಲ್ಲ, ಬೆಳಗಾವಿ ಸಾಂಬ್ರಾದಲ್ಲಿ. ಮೊದಲ ತಂಡದ 153 ಹುಡುಗಿಯರು 2023ರಲ್ಲಿ ಪಥಸಂಚಲನ ಮಾಡಿ ಹೊರಬಂದದ್ದು ಅಲ್ಲಿಂದಲೇ.

ಎತ್ತರ ಅಳೆಯುವುದು ಬರಿಗಾಲಲ್ಲಿ. ತುರುಬು ಕಟ್ಟಿ ನಿಂತರೆ ಬಿಚ್ಚಿಸುತ್ತಾರೆ.

"ಮಗಳು ಈಗ ಐದನೇತ್ತ ಓದಾಕತ್ತಾಳ. ಈಗಿಂದನ ಏನರ ಮಾಡಬೌದೇನ್ರಿ?"

ಧಾರವಾಡದಿಂದ ಬೆಳಗಾವಿ ರಸ್ತೆ ಹಿಡಿದರೆ ಮೂವತ್ತು ಕಿ.ಮೀ. ಆಸುಪಾಸಿನಲ್ಲಿ ಕಿತ್ತೂರು. ಅಲ್ಲಿ 1969ರಿಂದ ಹೆಣ್ಣುಮಕ್ಕಳದೇ ವಸತಿ ಸೈನಿಕ ಶಾಲೆಯಿದೆ, ರಾಣಿ ಚೆನ್ನಮ್ಮನ ಹೆಸರಿನಲ್ಲಿ. ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಬರೆಯಬೇಕು. ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳೂ ಈಗ ಹುಡುಗಿಯರನ್ನು ಸೇರಿಸಿಕೊಳ್ಳುತ್ತವೆ. ಅವುಗಳ ಅಖಿಲ ಭಾರತ ಪರೀಕ್ಷೆಗೆ ಆರನೇ ತರಗತಿಯ ವಯಸ್ಸು 10ರಿಂದ 12. ಇಂಥ ಶಾಲೆಯಲ್ಲಿ ಓದಿದ ಮಾತ್ರಕ್ಕೆ ಸೈನ್ಯದಲ್ಲಿ ಸೀಟು ಕಾಯ್ದಿರಿಸಿರುತ್ತದೆ ಎಂದುಕೊಳ್ಳಬೇಡಿ, ಮುಂದಿನ ಪರೀಕ್ಷೆಗಳನ್ನು ಎಲ್ಲರಂತೆಯೇ ಬರೆಯಬೇಕು.

"ಲಗ್ನ ಗೊತ್ತಾಗೇದರಿ. ಲಗ್ನ ಮಾಡಿಕೊಂಡ ಹೋದ್ರ ನಡೀತದೇನ್ರಿ?"

ನಡೆಯುವುದಿಲ್ಲ. ಅಗ್ನಿವೀರ್ ಆದವಳು ನಾಲ್ಕು ವರ್ಷವೂ ಅವಿವಾಹಿತೆಯಾಗಿಯೇ ಇರಬೇಕು. ಮಕ್ಕಳಿಲ್ಲದ ವಿಧವೆಯರು, ವಿಚ್ಛೇದಿತೆಯರು ಅರ್ಜಿ ಹಾಕಬಹುದು. ಅಧಿಕಾರಿ ಹುದ್ದೆಯವರು ತರಬೇತಿ ಮುಗಿಯುವವರೆಗೆ ಕಾಯಬೇಕು, ಕಮಿಷನ್, ಅಂದರೆ ಅಧಿಕಾರಿ ಪದವಿ, ಸಿಕ್ಕ ಮೇಲೆ ಅಡ್ಡಿಯಿಲ್ಲ. ನಿಶ್ಚಯವಾಗಿದ್ದರೆ ಬೀಗರಿಗೆ ಈ ಮಾತನ್ನು ಮೊದಲೇ ತಿಳಿಸುವುದು ಮೇಲು. ಆಯ್ಕೆಯಾದ ಮೇಲೆ ಹೇಳಹೋಗಿ ಎರಡೂ ಕಡೆ ಮನಸ್ತಾಪ ಆಗುವುದೇ ಹೆಚ್ಚು.

"ನಾವು ಲಿಂಗಾಯತರ್ರಿ, ತತ್ತೀನೂ ತಿನ್ನೂದಿಲ್ಲ. ಊಟದ್ದು ಹೆಂಗ್ರಿ?"

ಮೆಸ್ಸಿನಲ್ಲಿ ಸಸ್ಯಾಹಾರಿಗಳಿಗೆ ಬೇರೆ ಪಡಿತರದ ಲೆಕ್ಕವೇ ಇದೆ. ಚಪಾತಿ, ಬೇಳೆ, ಅನ್ನ, ಹಾಲಿಗೆ ಬರವಿಲ್ಲ. ಜೋಳದ ರೊಟ್ಟಿಯನ್ನು ಮಾತ್ರ ರಜೆಗೆ ಬಂದಾಗಲೇ ನೋಡಬೇಕು.

### ಅರ್ಜಿ, ಕಾಗದ, ಓಟ

"ಭರ್ತಿ ಯಾವಾಗ ಬಿಡ್ತಾರ? ನಮ್ಮ ಜಿಲ್ಲಾಕ್ಕ ರ‍್ಯಾಲಿ ಎಲ್ಲಿ ಇರತೈತಿ?"

ಇತ್ತೀಚಿನ ವರ್ಷಗಳಲ್ಲಿ ಅರ್ಜಿ ಬಿಟ್ಟಿರುವುದು ಫೆಬ್ರುವರಿಯಿಂದ ಏಪ್ರಿಲ್ ನಡುವೆ. ಸರಿಯಾಗಿ ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆಯ ಹೊತ್ತು. ಹಾಗಾಗಿಯೇ ಬಹಳ ಹುಡುಗಿಯರಿಗೆ ತಾರೀಖು ತಪ್ಪಿಹೋಗುತ್ತದೆ. ಆ ಮೂರು ತಿಂಗಳು ವಾರಕ್ಕೊಮ್ಮೆ ಜಾಯಿನ್ ಇಂಡಿಯನ್ ಆರ್ಮಿ ಜಾಲತಾಣ ನೋಡುವ ಕೆಲಸವನ್ನು ಮನೆಯಲ್ಲಿ ಒಬ್ಬರಿಗೆ ವಹಿಸಿ.

ಮೊದಲು ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆ, ಅದರಲ್ಲಿ ಪಾಸಾದವರಿಗಷ್ಟೇ ರ‍್ಯಾಲಿ. ಒಂದು ತಾಸಿನಲ್ಲಿ 50 ಪ್ರಶ್ನೆ, ಸರಿಯಾದರೆ 2 ಅಂಕ, ತಪ್ಪಿದರೆ ಅರ್ಧ ಅಂಕ ಕಡಿತ. 2025ರಿಂದ ಕನ್ನಡ ಸೇರಿ 13 ಭಾಷೆಗಳಲ್ಲಿ ಬರೆಯಲು ಅವಕಾಶ ಬಂದಿದೆ, ಅರ್ಜಿಯಲ್ಲೇ ಕನ್ನಡ ಎಂದು ಆರಿಸಬೇಕು. ಶುಲ್ಕ 250 ರೂಪಾಯಿ. ಅದರಾಚೆಗೆ "ಸೆಲೆಕ್ಷನ್ ಮಾಡಿಸಿಕೊಡ್ತೀನಿ" ಎಂದು ಲಕ್ಷದ ಮಾತಾಡುವವನು ಮೋಸಗಾರ. ಮೂಲ ಮಾರ್ಕ್ಸ್ ಕಾರ್ಡನ್ನು ಯಾವ ಕೋಚಿಂಗ್ ಅಕಾಡೆಮಿಯ ಕೈಗೂ ಕೊಡಬೇಡಿ. ಫೀ ಬಾಕಿಯೆಂದು ಹಿಡಿದಿಟ್ಟುಕೊಂಡರೆ ರ‍್ಯಾಲಿ ದಿನ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ.

ಧಾರವಾಡ, ಗದಗ, ಹಾವೇರಿಯ ಹುಡುಗರು ಮಂಗಳೂರು ಭರ್ತಿ ಕಚೇರಿಗೆ ಸೇರುತ್ತಾರೆ. ಹುಡುಗಿಯರ ರ‍್ಯಾಲಿ ಜಿಲ್ಲೆಗೊಂದು ನಡೆಯುವುದಿಲ್ಲ, ಬೆಂಗಳೂರಿನ ವಲಯ ಕಚೇರಿ ಹಲವು ಪ್ರದೇಶಗಳನ್ನು ಸೇರಿಸಿ ಒಂದೇ ಕಡೆ ಮಾಡುತ್ತದೆ. ಸ್ಥಳ, ತಾರೀಖು ಪ್ರವೇಶಪತ್ರದಲ್ಲಿರುತ್ತದೆ. ಅಣ್ಣನ ರ‍್ಯಾಲಿ ಎಲ್ಲಿತ್ತೋ ತಂಗಿಯದೂ ಅಲ್ಲೇ ಇರುತ್ತದೆ ಎಂದು ಹೋಗಬೇಡಿ.

"ಮಾರ್ಕ್ಸ್ ಕಾರ್ಡ್‌ನ್ಯಾಗ ಒಂದ್ ಹೆಸರು, ಆಧಾರ್‌ನ್ಯಾಗ ಒಂದ್ ಹೆಸರು ಐತಿ. ನಡೀತೈತೇನ್ರಿ?"

ನಡೆಯುವುದಿಲ್ಲ, ಮತ್ತು ನಮ್ಮ ಭಾಗದಲ್ಲಿ ಓಟಕ್ಕಿಂತ ಹೆಚ್ಚು ಹುಡುಗಿಯರು ಎಡವುವುದು ಇಲ್ಲಿಯೇ. ಒಂದು ಉದಾಹರಣೆ ಬಿಡಿಸಿ ನೋಡೋಣ. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ "ಲಕ್ಷ್ಮವ್ವ ಬಸಪ್ಪ ಅಂಗಡಿ". ಕಾಲೇಜಿಗೆ ಬಂದ ಮೇಲೆ ಹೆಸರಿನ ಕೊನೆಯ "ಅವ್ವ" ಬೇಡವೆನಿಸಿ ಆಧಾರ್‌ನಲ್ಲಿ "ಲಕ್ಷ್ಮೀ ಬಿ. ಅಂಗಡಿ". ಬ್ಯಾಂಕ್ ಪುಸ್ತಕದಲ್ಲಿ ಅಡ್ಡಹೆಸರೇ ಇಲ್ಲ, "ಲಕ್ಷ್ಮೀ ಬಸವರಾಜ". ಅಪ್ಪ ಬಸಪ್ಪನೋ ಬಸವರಾಜನೋ? ಮನೆಯವರಿಗೆ ಒಬ್ಬನೇ, ಪರಿಶೀಲನೆ ಮಾಡುವವರಿಗೆ ಇಬ್ಬರು.

ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಇರುವುದೇ ಪ್ರಮಾಣ. ಮಿಕ್ಕೆಲ್ಲವನ್ನೂ ಅದರಂತೆ ಅಕ್ಷರಕ್ಕಕ್ಷರ ತಿದ್ದಿಸಿ, ಇಂಗ್ಲಿಷ್ ಸ್ಪೆಲ್ಲಿಂಗ್ ಸಮೇತ. ಮೊದಲು ಆಧಾರ್, ಆಮೇಲೆ ಪ್ಯಾನ್, ಕೊನೆಗೆ ಬ್ಯಾಂಕ್. ಕಾರ್ಡಿನಲ್ಲೇ ತಪ್ಪಿದ್ದರೆ ಓದಿದ ಪ್ರೌಢಶಾಲೆಯ ಮುಖ್ಯಗುರುಗಳ ಮೂಲಕ ಮಂಡಳಿಗೆ ಅರ್ಜಿ ಹೋಗಬೇಕು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಆಗದ ಮಾತು.

ಜಾತಿ, ವಾಸಸ್ಥಳದ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತವೆ. ನಡತೆ ಪ್ರಮಾಣಪತ್ರ ಮತ್ತು ಅವಿವಾಹಿತೆ ಎಂಬ ಪ್ರಮಾಣಪತ್ರಕ್ಕೆ ಆರು ತಿಂಗಳ ಆಯುಷ್ಯ, ಬಹಳ ಮುಂಚೆ ಮಾಡಿಸಿಟ್ಟರೆ ಹಳೆಯದಾಗುತ್ತದೆ. ಅವಿವಾಹಿತೆ ಪ್ರಮಾಣಪತ್ರಕ್ಕೆ ಫೋಟೊ ಅಂಟಿಸಿ, ಫೋಟೊದ ಮೇಲೆ ಅರ್ಧ ಬೀಳುವಂತೆ ಸಿಕ್ಕೆ ಹಾಕಿಸಿಕೊಳ್ಳಿ.

"ಓಟ ಎಷ್ಟು ಹೊತ್ತಿನ್ಯಾಗ ಮುಗಿಸಬೇಕ್ರಿ? ನಾಕನೇ ರೌಂಡಿಗೆ ಕಾಲs ಬರೂದಿಲ್ಲ."

ಮಿಲಿಟರಿ ಪೊಲೀಸ್‌ಗೆ 1.6 ಕಿ.ಮೀ., ಅಂದರೆ 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು. ಏಳೂವರೆ ನಿಮಿಷದೊಳಗೆ ಬಂದವರು ಮೊದಲ ಗುಂಪು, ಎಂಟು ನಿಮಿಷದೊಳಗಿನವರು ಎರಡನೆಯ ಗುಂಪು. ಉದ್ದ ಜಿಗಿತ 10 ಅಡಿ, ಎತ್ತರ ಜಿಗಿತ 3 ಅಡಿ. ಜಿಗಿತಗಳಲ್ಲಿ ಪಾಸಾದರೆ ಸಾಕು.

ನಾಲ್ಕನೇ ಸುತ್ತಿಗೆ ಕಾಲು ಬಾರದಿರಲು ಕಾರಣ ಮೊದಲ ಸುತ್ತಿನಲ್ಲಿದೆ. ಲೆಕ್ಕ ಹೀಗೆ: ಏಳೂವರೆ ನಿಮಿಷವನ್ನು ನಾಲ್ಕರಿಂದ ಭಾಗಿಸಿದರೆ ಸುತ್ತಿಗೆ 1 ನಿಮಿಷ 52 ಸೆಕೆಂಡ್. ಜೊತೆಯವರು ಓಡಿದರೆಂದು ನೀವೂ ಹುಮ್ಮಸ್ಸಿನಲ್ಲಿ ಮೊದಲ ಸುತ್ತನ್ನು ಒಂದೂವರೆ ನಿಮಿಷಕ್ಕೆ ಮುಗಿಸಿದರೆ ಗಳಿಸಿದ್ದು 22 ಸೆಕೆಂಡ್. ಮೂರನೇ ಸುತ್ತಿನಲ್ಲಿ ಉಸಿರು ಕಟ್ಟಿ ನಡೆಯುವಂತಾದರೆ ಕಳೆದುಕೊಳ್ಳುವುದು ನಲವತ್ತು. ಮೊದಲ ಮೂರು ಸುತ್ತು 1 ನಿಮಿಷ 52ರ ಆಸುಪಾಸಿನಲ್ಲೇ ಇರಲಿ, ಉಳಿದ ಶಕ್ತಿಯನ್ನು ಕೊನೆಯ 200 ಮೀಟರಿಗೆ ಇಟ್ಟುಕೊಳ್ಳಿ. ಅಂದಾಜಿನ ಓಟ ಬೇಡ. ಗೆಳತಿಯೊಬ್ಬಳು ಗಡಿಯಾರ ಹಿಡಿದು ಪ್ರತಿ ಸುತ್ತಿಗೂ ಕೂಗಿ ಹೇಳಲಿ.

ಹನ್ನೆರಡು ವಾರ ಬೇಕು. ಮೊದಲ ನಾಲ್ಕು ವಾರ ವೇಗ ನೋಡದೆ ವಾರಕ್ಕೆ ನಾಲ್ಕು ದಿನ 3 ಕಿ.ಮೀ. ಓಡಿ. ಆಮೇಲಿನ ಆರು ವಾರ ಎರಡು ದಿನ ಉದ್ದ ಓಟ, ಎರಡು ದಿನ 400 ಮೀಟರಿನ ತುಂಡು ಓಟ: 1 ನಿಮಿಷ 45 ಸೆಕೆಂಡಿಗೆ ಒಂದು ಸುತ್ತು, ಎರಡು ನಿಮಿಷ ನಡಿಗೆ, ಹೀಗೆ ಐದು ಸಲ. ಕೊನೆಯ ಎರಡು ವಾರ ವಾರಕ್ಕೊಮ್ಮೆ ಪೂರ್ತಿ ಪರೀಕ್ಷೆ, ಉಳಿದ ದಿನ ಹಗುರ. ಮೊಳಕಾಲ ಕೆಳಗಿನ ಎಲುಬು ನೋಯತೊಡಗಿದರೆ ಓಟ ನಿಲ್ಲಿಸಿ. ಡಾಂಬರು ರಸ್ತೆಯಲ್ಲಿ ಸವೆದ ಚಪ್ಪಟೆ ಶೂ ಹಾಕಿ ಓಡುವವರಿಗೆ ಇದು ಸಾಮಾನ್ಯ, ತಡೆದುಕೊಂಡು ಓಡಿದರೆ ಎಲುಬು ಬಿರುಕು ಬಿಡುತ್ತದೆ.

ಧಾರವಾಡದ ಆರ್. ಎನ್. ಶೆಟ್ಟಿ ಕ್ರೀಡಾಂಗಣ, ಹಾವೇರಿ ಮತ್ತು ಗದಗಿನ ಜಿಲ್ಲಾ ಕ್ರೀಡಾಂಗಣಗಳಲ್ಲಿ ಅಳತೆಯ ಓಟಕ್ಕೆ ಜಾಗವಿದೆ. ಹಳ್ಳಿಯವರಿಗೆ ಹೊಲದ ದಾರಿಯೇ ಗತಿ. ಮಳೆಗಾಲದಲ್ಲಿ ಗದಗ, ನವಲಗುಂದ ಕಡೆಯ ಎರೆಮಣ್ಣು ಶೂಗೆ ಮೆತ್ತಿ ಒಂದೊಂದು ಕಾಲು ಕಲ್ಲಿನಂತಾಗುತ್ತದೆ. ಆ ದಿನಗಳಲ್ಲಿ ಶಾಲೆಯ ಕಟ್ಟೆ ಹತ್ತಿಳಿಯುವುದು, ಹಗ್ಗ ಜಿಗಿಯುವುದು ಸಾಕು. ಹೊಸ ಶೂ ಕೊಂಡಿದ್ದರೆ ಮೂರು ವಾರ ಮೊದಲೇ ಪಳಗಿಸಿ. ರ‍್ಯಾಲಿ ದಿನವೇ ಡಬ್ಬಿ ಒಡೆದರೆ ಹಿಮ್ಮಡಿಗೆ ಗುಳ್ಳೆ ಖಾತ್ರಿ.

"ಮೆಡಿಕಲ್‌ನ್ಯಾಗ ರಕ್ತ ಕಡಿಮಿ ಅಂತ ತೆಗದ್ರು. ಏನ್ ಮಾಡ್ಬೇಕ್ರಿ?"

ಮಹಿಳೆಯರಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ರಕ್ತಹೀನತೆ ಎನ್ನುತ್ತದೆ. 12 ದಾಟುವುದನ್ನೇ ಗುರಿ ಮಾಡಿಕೊಳ್ಳಿ. ಅರ್ಜಿ ಹಾಕಿದ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ, ಏಕೆಂದರೆ ಗುಳಿಗೆ ತೆಗೆದುಕೊಂಡರೂ ರಕ್ತ ಏರಲು ತಿಂಗಳುಗಳು ಬೇಕು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಗುಳಿಗೆ ಬಾರದಂತೆ ತಡೆಯಲು. ಈಗಾಗಲೇ ಕಡಿಮೆಯಿದ್ದವರಿಗೆ ವೈದ್ಯರು ಬೇರೆ ಪ್ರಮಾಣ ಹೇಳುತ್ತಾರೆ.

ಗುಳಿಗೆ ನುಂಗಿದರೂ ಏರುತ್ತಿಲ್ಲವೆಂದರೆ ಚಹಾ ಕಡೆ ನೋಡಿ. ಊಟದ ಬೆನ್ನಿಗೇ ಚಹಾ ಕುಡಿಯುವ ನಮ್ಮ ರೂಢಿ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ, ಒಂದು ತಾಸಿನ ಅಂತರವಿರಲಿ. ಗುಳಿಗೆಯನ್ನು ಲಿಂಬು ಪಾನಕದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹತ್ತುತ್ತದೆ. ಮಡಿಕೆಕಾಳು, ಹೆಸರುಕಾಳಿನ ಪಲ್ಯ, ರಾಜಗಿರಿ ಸೊಪ್ಪು ದಿನವೂ ತಟ್ಟೆಯಲ್ಲಿರಲಿ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದ್ದರೆ ಅದಕ್ಕೆ ಚಿಕಿತ್ಸೆ ಆಗದೆ ಯಾವ ಗುಳಿಗೆಯೂ ಸಾಲದು.

ಮಂಡಿ ಒಂದಕ್ಕೊಂದು ತಾಗುವುದು, ಚಪ್ಪಟೆ ಪಾದ, ಕಾಲಿನ ಉಬ್ಬು ನರ, ಕಿವಿಯ ಸೋರಿಕೆ, ಇವೂ ನೋಡುವ ಅಂಶಗಳೇ. ಕಿವಿಯ ಗುಗ್ಗೆಯನ್ನು ವೈದ್ಯರಿಂದ ಮೊದಲೇ ತೆಗೆಸಿಕೊಂಡು ಹೋಗಿ, ಎಷ್ಟೋ ಜನ ಅಷ್ಟಕ್ಕೇ ಸಿಕ್ಕಿಬೀಳುತ್ತಾರೆ.

"ಕೈ ಮ್ಯಾಲೆ ಹಚ್ಚಿ ಐತ್ರಿ, ಅಮ್ಮ ಜಾತ್ರ್ಯಾಗ ಹಾಕಿಸ್ಯಾಳ."

ಮೊಳಕೈ ಒಳಬದಿಯಿಂದ ಮಣಿಕಟ್ಟಿನವರೆಗೆ ಮತ್ತು ಹಸ್ತದ ಹಿಂಬದಿಗೆ ಇರುವ ಹಚ್ಚೆಗೆ ಅನುಮತಿಯಿದೆ. ಬೇರೆ ಕಡೆ ಇದ್ದರೆ ತೊಂದರೆ. ಹೊಸದಾಗಿ ಹಾಕಿಸಬೇಡಿ.

"ನಾಕು ವರ್ಷ ಆದಮ್ಯಾಲೆ ಕೈಯಾಗ ಏನು ಬರತೈತಿ?"

ತಿಂಗಳ ಸಂಬಳ ಮೊದಲ ವರ್ಷ 30,000, ಆಮೇಲೆ 33,000, 36,500, 40,000. ಇದರಲ್ಲಿ ಶೇ. 30 ಸೇವಾ ನಿಧಿಗೆ ಹೋಗುತ್ತದೆ, ಮೊದಲ ವರ್ಷ ಕೈಗೆ ಬರುವುದು 21,000. ನಾಲ್ಕು ವರ್ಷದಲ್ಲಿ ನಿಮ್ಮ ಪಾಲು 5.02 ಲಕ್ಷ, ಸರ್ಕಾರದ್ದೂ ಅಷ್ಟೇ. ಬಡ್ಡಿ ಬಿಟ್ಟು 10.04 ಲಕ್ಷ, ಆದಾಯ ತೆರಿಗೆಯಿಲ್ಲ. ಪಿಂಚಣಿ, ಗ್ರಾಚ್ಯುಟಿ ಇಲ್ಲ. ಹೆಚ್ಚೆಂದರೆ ಶೇ. 25ರಷ್ಟು ಜನರನ್ನು ಕಾಯಂ ಸೇವೆಗೆ ಉಳಿಸಿಕೊಳ್ಳುತ್ತಾರೆ. ಸೇವೆಯಲ್ಲಿರುವಾಗ 48 ಲಕ್ಷದ ಜೀವವಿಮೆ ಇರುತ್ತದೆ, ಅದಕ್ಕೆ ನೀವು ಕಂತು ಕಟ್ಟಬೇಕಿಲ್ಲ. ಆ ಹತ್ತು ಲಕ್ಷ ಅಕ್ಕನ ಲಗ್ನಕ್ಕೋ ಅಪ್ಪನ ಸಾಲಕ್ಕೋ ಹೋಗುವ ಮೊದಲು, ಅದು ಯಾರ ದುಡಿಮೆ ಎಂಬುದನ್ನು ಮನೆಯವರು ನೆನೆಯಬೇಕು.

### ಅಧಿಕಾರಿಯಾಗುವ ದಾರಿಗಳು

"ಪಿಯುಸಿ ಓದಾಕತ್ತೀನಿ. ಎನ್‌ಡಿಎ ಕನ್ನಡದಾಗ ಬರೀಬೌದಾ?"

ಇಲ್ಲ, ಇಂಗ್ಲಿಷ್ ಇಲ್ಲವೇ ಹಿಂದಿ. ಎನ್‌ಡಿಎ ಎಂದರೆ ಪಿಯುಸಿ ಆದವರನ್ನು ಅಧಿಕಾರಿಗಳಾಗಿ ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಸುಪ್ರೀಂ ಕೋರ್ಟಿನ 2021ರ ಆಗಸ್ಟ್ ಆದೇಶದ ಮೇಲೆ ಹುಡುಗಿಯರಿಗೆ ಎನ್‌ಡಿಎ ತೆರೆಯಿತು, 2025ರ ಮೇ 30ರಂದು ಮೊದಲ 17 ಮಂದಿ ಪುಣೆ ಬಳಿಯ ಖಡಕ್‌ವಾಸ್ಲಾದ ಆ ಅಕಾಡೆಮಿಯಿಂದ ಹೊರಬಂದರು. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಭೂಸೇನೆಗೆ ಪಿಯುಸಿಯ ಯಾವ ವಿಭಾಗವಾದರೂ ಆದೀತು. ನೌಕಾ, ವಾಯುಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. ಆದರೆ ಆರ್ಟ್ಸ್ ಹುಡುಗಿಯೂ 300 ಅಂಕದ ಗಣಿತ ಪತ್ರಿಕೆ ಬರೆಯಲೇಬೇಕು, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಸಾಮಾನ್ಯ ಸಾಮರ್ಥ್ಯದ ಪತ್ರಿಕೆಗೆ 600. ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಕಡಿತ.

ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತದೆ, ಹೆಣ್ಣುಮಕ್ಕಳಿಗೆ ಶುಲ್ಕವಿಲ್ಲ, ಧಾರವಾಡದಲ್ಲೇ ಕೇಂದ್ರವಿದೆ. ಮೊದಲು ಹಾಕಿದವರಿಗೆ ಮೊದಲ ಆದ್ಯತೆ. ಕೊನೆಯ ದಿನದವರೆಗೆ ಕಾದರೆ ಧಾರವಾಡದ ಜಾಗ ತುಂಬಿ ದೂರದೂರಿಗೆ ಹೋಗಬೇಕಾದೀತು.

"ಬಿಎ, ಬಿಕಾಂ ಮಾಡಿದವರಿಗೆ? ಎಂಜಿನಿಯರಿಂಗ್, ಲಾ ಓದಿದವರಿಗೆ?"

ಪದವೀಧರೆಯರಿಗೆ ಯುಪಿಎಸ್‌ಸಿಯ ಸಿಡಿಎಸ್ (ಸಂಯುಕ್ತ ರಕ್ಷಣಾ ಸೇವೆಗಳ) ಪರೀಕ್ಷೆಯ ಮೂಲಕ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿ. ಅದಕ್ಕೆ ಇಂಗ್ಲಿಷ್, ಸಾಮಾನ್ಯ ಜ್ಞಾನ ಎರಡೇ ಪತ್ರಿಕೆ, ಗಣಿತವಿಲ್ಲ. ಎನ್‌ಸಿಸಿ ಸಿ ಸರ್ಟಿಫಿಕೇಟಿನಲ್ಲಿ ಕನಿಷ್ಠ ಬಿ ಗ್ರೇಡ್, ಪದವಿಯಲ್ಲಿ ಶೇ. 50 ಇದ್ದರೆ ಲಿಖಿತ ಪರೀಕ್ಷೆಯೇ ಬೇಡ, ನೇರ ಎಸ್‌ಎಸ್‌ಬಿ, ಅಂದರೆ ಸೇನಾ ಆಯ್ಕೆ ಮಂಡಳಿಯ ಪರೀಕ್ಷೆ. ಪದವಿಯ ಮೊದಲ ವಾರದಲ್ಲೇ ಎನ್‌ಸಿಸಿ ಸೇರಿ ಎಂದು ನಾವು ಬೆನ್ನು ಹತ್ತುವುದು ಇದಕ್ಕೇ. ಎಂಜಿನಿಯರಿಂಗ್ ಮುಗಿಸಿದವರಿಗೆ 20ರಿಂದ 27ರ ವಯಸ್ಸಿನಲ್ಲಿ ತಾಂತ್ರಿಕ ಪ್ರವೇಶವಿದೆ. ಕಾನೂನು ಪದವಿಯಲ್ಲಿ ಶೇ. 55 ಇದ್ದವರಿಗೆ ಸೇನೆಯ ಕಾನೂನು ವಿಭಾಗ. ಕ್ಲಾಟ್ ಸ್ನಾತಕೋತ್ತರ ಪರೀಕ್ಷೆಯ ಅಂಕ ಕೇಳುತ್ತಾರೆ.

"ಮಿಲಿಟರಿ ನರ್ಸಿಂಗ್‌ಗೆ ನೀಟ್ ಬರದ್ರ ಸಾಕೇನ್ರಿ?"

ಸಾಲದು. ನೀಟ್ ಅಂಕ ಬಂದ ಮೇಲೆ ಸೇನೆಯ ಜಾಲತಾಣದಲ್ಲಿ ಬೇರೆ ಅರ್ಜಿ ಹಾಕಬೇಕು, ಅದನ್ನು ಮರೆತು ಕೌನ್ಸೆಲಿಂಗ್ ಕಾಯುತ್ತ ಕೂರುವವರು ಪ್ರತಿ ವರ್ಷ ಸಿಗುತ್ತಾರೆ. ಆರು ಕಾಲೇಜುಗಳಲ್ಲಿ 220 ಸೀಟು, ಬೆಂಗಳೂರಿನಲ್ಲೂ ಒಂದು ಕಾಲೇಜಿದೆ. ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಪುಕ್ಕಟೆ, ಬದಲಿಗೆ ಸೇವೆಯ ಬಾಂಡ್ ಬರೆದುಕೊಡಬೇಕು. ಮುಗಿಸಿದವರು ಲೆಫ್ಟಿನೆಂಟ್ ದರ್ಜೆಯ ಅಧಿಕಾರಿಗಳು.

"ಎಸ್‌ಎಸ್‌ಬಿ ಅಂದ್ರ ಇಂಗ್ಲಿಷ್ ಮಾತಾಡೂದs ಏನು? ನಾ ಕನ್ನಡ ಮೀಡಿಯಂ."

ಐದು ದಿನದ ಪರೀಕ್ಷೆ, ಭೂಸೇನೆಯದು ಬೆಂಗಳೂರಿನಲ್ಲೂ ನಡೆಯುತ್ತದೆ. ಮೊದಲ ದಿನ ತರ್ಕದ ಪ್ರಶ್ನೆಗಳು, ಚಿತ್ರವೊಂದನ್ನು ನೋಡಿ ಕಥೆ ಬರೆದು ಗುಂಪಿನಲ್ಲಿ ಚರ್ಚೆ. ಅಲ್ಲೇ ಬಹಳ ಜನ ಮನೆಗೆ ಮರಳುತ್ತಾರೆ. ಉಳಿದವರಿಗೆ 12 ಚಿತ್ರಕಥೆ, ಒಂದಕ್ಕೆ 15 ಸೆಕೆಂಡಿನಂತೆ 60 ಪದಗಳಿಗೆ ವಾಕ್ಯ, ಅರ್ಧ ತಾಸಿನಲ್ಲಿ 60 ಸನ್ನಿವೇಶಗಳಿಗೆ ಉತ್ತರ. ಮುಂದೆ ಮೈದಾನದ ಗುಂಪು ಕೆಲಸ, ಸಂದರ್ಶನ.

ನಯವಾದ ಇಂಗ್ಲಿಷ್ ಬೇಕಿಲ್ಲ, ತಡವರಿಸದ ಇಂಗ್ಲಿಷ್ ಬೇಕು. ಕನ್ನಡದಲ್ಲಿ ಯೋಚಿಸಿ ಅನುವಾದ ಮಾಡುವಷ್ಟರಲ್ಲಿ 15 ಸೆಕೆಂಡ್ ಮುಗಿದಿರುತ್ತದೆ. ದಿನಕ್ಕೆ 20 ಪದ ಎದುರಿಗಿಟ್ಟುಕೊಂಡು, ಗಡಿಯಾರ ಹಾಕಿ, ಆರೇಳು ಪದದ ಸಣ್ಣ ವಾಕ್ಯ ಬರೆಯುವ ರೂಢಿ ಮಾಡಿ. ಅಕಾಡೆಮಿಯಲ್ಲಿ ಬಾಯಿಪಾಠ ಮಾಡಿದ ಕಥೆಯನ್ನು ಮನಃಶಾಸ್ತ್ರಜ್ಞರು ಎರಡು ಸಾಲಿಗೇ ಗುರುತಿಸುತ್ತಾರೆ. ಸಂದರ್ಶನದಲ್ಲಿ ಊರಿನ ಬಗ್ಗೆ ಕೇಳುತ್ತಾರೆ. ಬ್ಯಾಡಗಿಯವಳು ಮೆಣಸಿನಕಾಯಿ ಮಾರುಕಟ್ಟೆ ಹೇಗೆ ನಡೆಯುತ್ತದೆಂದು ಹೇಳಲಾಗದೆ ಕೂತರೆ ನೋಡುವವರಿಗೇ ಕಸಿವಿಸಿ.

ಒಂದು ಬಗೆಯ ಪ್ರವೇಶದ ಎಸ್‌ಎಸ್‌ಬಿಗೆ ಮೊದಲ ಸಲ ಹೋಗುವವರಿಗೆ ಎಸಿ ಮೂರನೇ ದರ್ಜೆಯ ರೈಲು ಖರ್ಚು ಮರಳಿ ಸಿಗುತ್ತದೆ. ಟಿಕೆಟ್ ಎಸೆಯಬೇಡಿ.

### ಸೇರಿದ ಮೇಲಿನ ಮಾತು

"ಹೆಣ್ಣಮಕ್ಕಳು ಗಡಿಯೊಳಗ ಯುದ್ಧಾ ಮಾಡ್ತಾರೇನು?"

ಪದಾತಿ ದಳ, ಟ್ಯಾಂಕ್ ದಳ ಮಹಿಳೆಯರಿಗೆ ತೆರೆದಿಲ್ಲ. ಸಿಗ್ನಲ್ಸ್, ಎಂಜಿನಿಯರ್ಸ್, ವಾಯುರಕ್ಷಣೆ, ಗುಪ್ತಚರ, ಸರಬರಾಜು ಮುಂತಾದವು ತೆರೆದಿವೆ. 2023ರ ಏಪ್ರಿಲ್‌ನಲ್ಲಿ ಫಿರಂಗಿ ದಳಕ್ಕೂ ಮೊದಲ ಐವರು ಬಂದರು. ವಾಯುಪಡೆಯಲ್ಲಿ 2016ರಿಂದ ಯುದ್ಧವಿಮಾನ ಹಾರಿಸುತ್ತಿದ್ದಾರೆ. 2025ರ ಮೇನಲ್ಲಿ ಆಪರೇಷನ್ ಸಿಂಧೂರದ ವಿವರ ಕೊಟ್ಟ ಕರ್ನಲ್ ಸೋಫಿಯಾ ಖುರೇಷಿ ಸಿಗ್ನಲ್ಸ್ ದಳದವರು. ಮಿಲಿಟರಿ ಪೊಲೀಸ್ ಮಹಿಳೆಯರ ಕೆಲಸ ಶಿಸ್ತುಪಾಲನೆ, ಸಂಚಾರ ನಿಯಂತ್ರಣ, ತನಿಖೆ, ಶೋಧ ಕಾರ್ಯಾಚರಣೆಯಲ್ಲಿ ಹೆಂಗಸರ ತಪಾಸಣೆ. ಯುದ್ಧಭೂಮಿ ಅಲ್ಲವೆಂದ ಮಾತ್ರಕ್ಕೆ ಅಪಾಯವಿಲ್ಲವೆಂದಲ್ಲ.

"ಶಾರ್ಟ್ ಸರ್ವಿಸ್ ಅಂದ್ರ ಪಿಂಚಣಿ ಇಲ್ಲಂತ. ಕಾಯಂ ಆಗೂದು ಹೆಂಗ?"

ಶಾರ್ಟ್ ಸರ್ವಿಸ್ ಹತ್ತು ವರ್ಷ, ಬೇಕಾದರೆ ಇನ್ನೂ ನಾಲ್ಕು. ಅಧಿಕಾರಿಗೆ ಪಿಂಚಣಿ ಸಿಗಲು 20 ವರ್ಷ ಬೇಕು, ಹಾಗಾಗಿ ಹದಿನಾಲ್ಕಕ್ಕೆ ಹೊರಬಂದವರಿಗೆ ಗ್ರಾಚ್ಯುಟಿ ಮಾತ್ರ. 2020ರ ಫೆಬ್ರುವರಿ 17ರಂದು ಬಬಿತಾ ಪುನಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹತ್ತು ವಿಭಾಗಗಳಲ್ಲಿ ಮಹಿಳೆಯರಿಗೂ ಕಾಯಂ ಕಮಿಷನ್ ಕೊಡಬೇಕೆಂದಿತು. ಆದರೂ ಅದು ತಾನಾಗಿ ಬರುವುದಿಲ್ಲ: ಮಂಡಳಿ ನಿಮ್ಮ ವಾರ್ಷಿಕ ವರದಿ, ಕೋರ್ಸಿನ ದರ್ಜೆ, ವೈದ್ಯಕೀಯ ಸ್ಥಿತಿ ನೋಡುತ್ತದೆ. "ಹೇಗೂ ಹತ್ತು ವರ್ಷ" ಎಂದು ಮೊದಲ ಐದು ವರ್ಷದ ಕೋರ್ಸುಗಳನ್ನು ಹಗುರಾಗಿ ತೆಗೆದುಕೊಂಡವರಿಗೆ ಏಟು ಬೀಳುವುದು ಇಲ್ಲಿ. ಎನ್‌ಡಿಎಯಿಂದ ಹೋದವರಿಗೆ ಮೊದಲ ದಿನದಿಂದಲೇ ಕಾಯಂ.

"ಮಕ್ಕಳಾದ್ರ ರಜಾ ಕೊಡ್ತಾರೇನ್ರಿ?"

ಅಧಿಕಾರಿಗಳಿಗೆ ಪೂರ್ತಿ ಸಂಬಳದ 180 ದಿನ ಹೆರಿಗೆ ರಜೆ, ಎರಡು ಮಕ್ಕಳವರೆಗೆ. ಅದಲ್ಲದೆ ಮಕ್ಕಳ ಆರೈಕೆ ರಜೆ ಬೇರೆ. ಇದೇ ನಿಯಮಗಳನ್ನು 2023ರ ನವೆಂಬರಿನಲ್ಲಿ ಸಿಪಾಯಿ, ನಾವಿಕ, ವಾಯುಯೋಧೆಯರಿಗೂ ವಿಸ್ತರಿಸಲು ರಕ್ಷಣಾ ಸಚಿವರು ಒಪ್ಪಿದರು. ಅಗ್ನಿವೀರರ ಷರತ್ತು ಮೇಲೆ ಹೇಳಿದಂತೆ ಬೇರೆ.

"ಮೇಲಿನವ್ರು ಯಾರರ ತ್ರಾಸ ಕೊಟ್ರ ಯಾರಿಗೆ ಹೇಳಬೇಕು?"

ತಾಯಂದಿರು ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು, ಎತ್ತರಿಸಿಯೇ ಕೇಳಬೇಕು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ಆಂತರಿಕ ದೂರು ಸಮಿತಿ ಇರಬೇಕು, ಅದರ ಅಧ್ಯಕ್ಷೆ ಮಹಿಳೆಯೇ ಆಗಿರಬೇಕು. ಘಟನೆಯಾದ ಮೂರು ತಿಂಗಳೊಳಗೆ ಬರಹದಲ್ಲಿ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ತಾರೀಖು, ಹೊತ್ತು, ಸ್ಥಳ, ಅಲ್ಲಿದ್ದವರ ಹೆಸರನ್ನು ಅಂದೇ ಬರೆದಿಟ್ಟುಕೊಳ್ಳಿ, ಸಂದೇಶಗಳನ್ನು ಅಳಿಸಬೇಡಿ. ದೂರಿನ ಒಂದು ಪ್ರತಿಗೆ ಸ್ವೀಕೃತಿಯ ಸಹಿ ಹಾಕಿಸಿಕೊಂಡು ಮನೆಗೂ ಒಂದು ಕಳಿಸಿಡಿ.